ನಿನ್ನೆ ರಾತ್ರಿಯ ಮೆಸೇಜುಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ನಮ್ಮ ಗುಂಪಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಫೋಟೋ ಕೆಳಗೆ ಯಾರೋ ಚಪ್ಪಾಳೆ ಗುರುತು ಹಾಕಿದ್ದರು. ನೋಡಿ ತುಂಬಾ ಸಂಕಟವಾಯಿತು.

2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ ಸರ್ ಅವರನ್ನು ಮನೆ ಬಾಗಿಲಲ್ಲೇ ಗುಂಡು ಹೊಡೆದು ಕೊಂದರು. ವಚನ, ಶಾಸನ ಅಂತ ಆಯಸ್ಸು ಸವೆಸಿದ ಹಿರಿಯರು ಅವರು. 2017ರ ಸೆಪ್ಟೆಂಬರ್ 5ರ ರಾತ್ರಿ ಗೌರಿಯವರನ್ನೂ ಹಾಗೇ ಕೊಂದರು, ಬೆಂಗಳೂರಿನ ರಾಜರಾಜೇಶ್ವರಿನಗರದ ಅವರ ಮನೆ ಮುಂದೆಯೇ. ಎರಡೂ ಕಡೆ ಬಳಸಿದ್ದು ಒಂದೇ ಪಿಸ್ತೂಲು ಅಂತ ವಿಧಿವಿಜ್ಞಾನ ವರದಿ ಹೇಳಿತು.

ಅವರ ಮಾತು ಒಪ್ಪದಿದ್ದರೆ ಜಗಳ ಆಡಿ, ಉದ್ದುದ್ದ ಬರೆಯಿರಿ. ಆದರೆ ಸಾವಿಗೆ ಚಪ್ಪಾಳೆ, 'ಮುಂದಿನ ಸರದಿ ಇವರದು' ಅನ್ನೋ ಮೆಸೇಜು ಇಲ್ಲಿ ಬೇಡ. ಸತ್ತವರು ಯಾವ ಕಡೆಯವರಾದರೂ ಇದೇ ಮಾತು. ಬಂದರೆ ಅಳಿಸುತ್ತೇನೆ. ನಿನ್ನೆ ಹಾಕಿದವರು ಒಂದು ಫೋನ್ ಮಾಡಿ, ಮಾತಾಡೋಣ.