ಮೊದಲ ಭೇಟಿಗೆ ಒಂದು ಗಂಟೆ ಯಾಕೆ: ನಮ್ಮಲ್ಲಿಗೆ ಬರುವವರಿಗೆ ಒಂದು ಪತ್ರ

ಆತ್ಮೀಯರೇ,

ಈ ತಿಂಗಳಿಂದ ನಮ್ಮ ಫಿಸಿಯೋಥೆರಪಿ ಕೇಂದ್ರದಲ್ಲಿ, ಹೊಸ ನೋವು ಅಥವಾ ಹೊಸ ಪೆಟ್ಟು ಹೊತ್ತು ಬರುವವರಿಗೆ ಮೊದಲ ಭೇಟಿ ಪೂರ್ತಿ ಒಂದು ಗಂಟೆ, ಅದೂ ಮೊದಲೇ ಸಮಯ ಗೊತ್ತುಮಾಡಿಕೊಂಡು. ಆ ಗಂಟೆ ಕೈಯಿಂದ ಪರೀಕ್ಷೆ ಮಾಡುವುದಕ್ಕೆ. ಬಂದ ಕೂಡಲೇ ಮೆಷಿನ್ ಹಚ್ಚಿ ಶಾಖ, ಕರೆಂಟ್ ಕೊಡುವುದನ್ನು ನಿಲ್ಲಿಸಿದ್ದೇವೆ. ಮೊದಲ ಭೇಟಿಯ ಶುಲ್ಕ ಏರಿದೆ, ಮುಂದಿನವುಗಳದ್ದು ಹಳೆಯದೇ. ಕೆಲಸ ಬಿಟ್ಟು ಬಂದು ಬಾಗಿಲಿನ ಚೀಟಿ ಓದಿ ಹಿಂತಿರುಗಿದವರಲ್ಲಿ ಕ್ಷಮೆ ಕೇಳುತ್ತೇವೆ. ಮುಂಚೆಯೇ ಫೋನ್ ಮಾಡಿ ಹೇಳಬೇಕಿತ್ತು, ಹೇಳಲಿಲ್ಲ.

ಆದರೆ "ಮೆಷಿನ್ನೇ ಹಚ್ಚಲಿಲ್ಲ, ಬರೀ ಕೈಯಲ್ಲಿ ಮುಟ್ಟಿ ನೋಡಿದ್ದಕ್ಕೆ ಇಷ್ಟಾ?" ಎಂಬ ಮಾತಿಗೆ ಸುಮ್ಮನಿರಲಾರೆವು. ಒಬ್ಬ ಥೆರಪಿಸ್ಟ್ ಏಕಕಾಲಕ್ಕೆ ಮೂವರಿಗೆ ಮೆಷಿನ್ ಹಚ್ಚಿ ಕೂರಿಸಬಹುದು. ಕೈ ಮಾತ್ರ ಒಂದು ಹೊತ್ತಿಗೆ ಒಂದೇ ಮಂಡಿಯ ಮೇಲಿರಬೇಕು. ತೊಡೆ ದಪ್ಪವಿದ್ದರೆ ಅದನ್ನು ಅಲುಗದಂತೆ ಹಿಡಿಯಲು ಇನ್ನೊಬ್ಬರು ಬೇಕು. ಕೀಲಿನ ಕೋನ ಅಳೆಯುವ ಗೋನಿಯೋಮೀಟರ್ ಪ್ಲಾಸ್ಟಿಕ್ಕಿನದು, ಅಗ್ಗದ ವಸ್ತು. ದುಡ್ಡು ಹೋಗುವುದು ಆ ಸಮಯಕ್ಕೆ.

ಇನ್ನು ಎಲ್ಲಕ್ಕಿಂತ ಹೆಚ್ಚು ಕೇಳಿಬಂದ ದೂರು: "ಎಂಆರ್‌ಐ ರಿಪೋರ್ಟ್ ತಂದರೂ ಮತ್ತೆ ಯಾಕೆ ಅದುಮಿ, ತಿರುಗಿಸಿ ನೋಡ್ತೀರಿ?"

ಸ್ಕ್ಯಾನ್ ತೆಗೆಯುವಾಗ ನೀವು ಅಲುಗಾಡದೆ ಮಲಗಿರುತ್ತೀರಿ. ಒಳಗೆ ಏನಿದೆ ಎಂದು ಅದು ತೋರಿಸುತ್ತದೆ. ನೋಯುತ್ತಿರುವುದು ಅದೇನಾ ಎಂದು ಹೇಳುವುದಿಲ್ಲ. ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಮರ್ಶೆಯಲ್ಲಿ, ಇಪ್ಪತ್ತರ ವಯಸ್ಸಿನವರಲ್ಲೇ ಶೇ. 37 ಮಂದಿಗೆ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಸವೆತ ಕಂಡಿತ್ತು, ಎಂಬತ್ತರವರಲ್ಲಿ ಶೇ. 96. ಹಾಗಾಗಿ ರಿಪೋರ್ಟಿನ "ಸವೆತ" ಓದಿ ಗಾಬರಿಬೀಳಬೇಡಿ, ಅದನ್ನೇ ಓದಿ ಚಿಕಿತ್ಸೆ ಶುರುಮಾಡಿ ಎಂದು ನಮಗೂ ಹೇಳಬೇಡಿ.

ತೋಳು ಮೇಲೇಳದ ಭುಜವನ್ನೇ ನೋಡಿ. ಮೊದಲು ನೀವೇ ಎತ್ತುತ್ತೀರಿ. ಆಮೇಲೆ ನೀವು ತೋಳು ಸಡಿಲ ಬಿಡುತ್ತೀರಿ, ನಾವು ಎತ್ತುತ್ತೇವೆ. ನಾವು ಎತ್ತಿದಾಗ ಪೂರ್ತಿ ಹೋದರೆ ಕೀಲು ಸರಿಯಿದೆ; ಎತ್ತುವ ಸ್ನಾಯು, ಅದನ್ನು ಮೂಳೆಗೆ ಕಟ್ಟುವ ರಜ್ಜು ಅಥವಾ ನರದ ಮೇಲೆ ಅನುಮಾನ. ಮೊಣಕೈ ಪಕ್ಕೆಗೆ ಒತ್ತಿಟ್ಟು ಮುಂಗೈಯನ್ನು ಹೊರಕ್ಕೆ ತಿರುಗಿಸುವಾಗ ನಮ್ಮ ಕೈಗೂ ಅದು ಜಗ್ಗದಿದ್ದರೆ ಕೀಲೇ ಬಿಗಿದಿದೆ, ಬಹುಪಾಲು ಫ್ರೋಜನ್ ಶೋಲ್ಡರ್. ಮೂರನೆಯದಾಗಿ, ಭುಜ ಅಲುಗಿಸದೆ ನಮ್ಮ ಕೈಗೆ ಎದುರಾಗಿ ತಳ್ಳಿಸುತ್ತೇವೆ. ಬಲವಿದ್ದು ನೋವಾದರೆ ಸಾಮಾನ್ಯವಾಗಿ ಸಣ್ಣ ಗಾಯ. ನೋವೇ ಇಲ್ಲದೆ ಬಲ ಹೋಗಿದ್ದರೆ ನಮಗೆ ಹೆಚ್ಚು ಚಿಂತೆ: ರಜ್ಜು ಪೂರ್ತಿ ಹರಿದಿರಬಹುದು, ನರಕ್ಕೆ ಪೆಟ್ಟಾಗಿರಬಹುದು.

ಹಿಮ್ಮಡಿಯ ಮೇಲಿನ ಅಕಿಲೀಸ್ ರಜ್ಜು ಹರಿದರೂ ಬೇರೆ ಸ್ನಾಯುಗಳ ಬಲದಿಂದ ಪಾದ ಕೆಳಗೆ ಬಾಗುತ್ತದೆ. ಅದಕ್ಕೇ "ಉಳುಕು" ಎಂದು ವಾರಗಟ್ಟಲೆ ಶಾಖ ಕೊಟ್ಟುಕೊಂಡವರು ಇರುತ್ತಾರೆ. ಬೋರಲು ಮಲಗಿಸಿ, ಪಾದ ಮಂಚದಾಚೆ ಇಳಿಬಿಟ್ಟು, ಮೀನಖಂಡ ಹಿಂಡಿದರೆ ಪಾದ ಚಲಿಸಬೇಕು. ಚಲಿಸದಿದ್ದರೆ ಮೆಷಿನ್ ಮಾತೇ ಇಲ್ಲ, ನೇರ ಮೂಳೆ ವೈದ್ಯರ ಹತ್ತಿರ. ಹತ್ತು ಸೆಕೆಂಡಿನ ಕೆಲಸ.

ಕೈಗೆ ಎಲ್ಲವೂ ಸಿಗುತ್ತದೆ ಎಂಬ ಜಂಬ ನಮಗಿಲ್ಲ. ಪಾದ ಉಳುಕಿ ಬಂದರೆ ಪಾದದ ಕೀಲಿನ ಎರಡೂ ಪಕ್ಕದ ಗೆಣ್ಣು ಮೂಳೆಗಳ ಹಿಂದಿನ ಅಂಚನ್ನು, ತುದಿಯಿಂದ ಮೇಲಕ್ಕೆ 6 ಸೆಂ.ಮೀ.ವರೆಗೆ, ಒತ್ತಿ ನೋಡುತ್ತೇವೆ. ಅಲ್ಲಿ ಮೂಳೆಯೇ ನೊಂದರೆ, ಅಥವಾ ಬಿದ್ದಾಗಲೂ ಈಗಲೂ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಮೊದಲು ಎಕ್ಸ್‌ರೇ. ಬಿದ್ದು ಎರಡು ಗಂಟೆಯೊಳಗೆ ಊದಿದ ಮಂಡಿಯಲ್ಲಿ ರಕ್ತ ತುಂಬಿರುವ ಸಾಧ್ಯತೆ ಹೆಚ್ಚು. ಅಂಥ ಮಂಡಿಯನ್ನು 20–30 ಡಿಗ್ರಿ ಬಾಗಿಸಿ ಅದರ ಕೆಳಗಿನ ಕಾಲನ್ನು ಮುಂದಕ್ಕೆ ಎಳೆದು ನೋಡಿದರೂ, ತೊಡೆಯ ಹಿಂದಿನ ಸ್ನಾಯು ಬಿಗಿದುಕೊಂಡು ಮೂಳೆಗಳನ್ನು ಕಟ್ಟಿಹಿಡಿಯುವ ಲಿಗಮೆಂಟ್ ಹರಿದಿದ್ದನ್ನು ಮರೆಮಾಚಬಹುದು. ಊತ ಇಳಿದ ಮೇಲೆ ಮತ್ತೊಮ್ಮೆ ಕರೆಯುವುದು ಅದಕ್ಕೇ, ಇನ್ನೊಂದು ಬಿಲ್ಲಿಗಲ್ಲ. ಆ ಮರುಪರೀಕ್ಷೆಗೆ ಶುಲ್ಕವಿಲ್ಲ.

ನೋವಿಲ್ಲದ ಕಾಲನ್ನು ಮೊದಲು ಹಿಡಿಯುವುದು ಮರೆವಿನಿಂದಲ್ಲ. ಕೆಲವರ ಕೀಲುಗಳು ಹುಟ್ಟಿನಿಂದಲೇ ಸಡಿಲ. ನಿಮ್ಮ ಅಳತೆ ನಿಮ್ಮ ಇನ್ನೊಂದು ಕಾಲಿನಲ್ಲೇ ಇದೆ.

ಬರುವಾಗ ಸಡಿಲ ಚಡ್ಡಿ ಅಥವಾ ತೋಳಿಲ್ಲದ ಬನಿಯನ್ ತನ್ನಿ. ವೈದ್ಯರು ಬರೆದ ಮಾತ್ರೆ ಬಿಡಬೇಡಿ, ನೋವಿನ ಮಾತ್ರೆ ಎಷ್ಟು ಹೊತ್ತಿಗೆ ನುಂಗಿದಿರಿ ಎಂದು ಮಾತ್ರ ಹೇಳಿ. ನೀವು "ಸಾಕು" ಎಂದ ಕ್ಷಣ ನಮ್ಮ ಕೈ ನಿಲ್ಲುತ್ತದೆ. ಬೆನ್ನುನೋವಿನ ಜೊತೆ ಮೂತ್ರ ಕಟ್ಟಿಕೊಂಡರೆ, ತೊಡೆಸಂದು ಮರಗಟ್ಟಿದರೆ, ಅಥವಾ ಜ್ವರದೊಂದಿಗೆ ಕೀಲು ಬಿಸಿಯಾಗಿ ಊದಿದರೆ ನಮ್ಮ ಸಮಯಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ.

ಈಗಾಗಲೇ ಚಿಕಿತ್ಸೆ ನಡೆಯುತ್ತಿರುವವರಿಗೆ ಏನೂ ಬದಲಾಗಿಲ್ಲ. ನಿಮ್ಮ ಹಳೇ ಸಮಯ ನಿಮ್ಮದೇ.

ಇಂತಿ,
ನಿಮ್ಮ ಫಿಸಿಯೋಥೆರಪಿ ಬಳಗ