ಪೆನ್‌ಡ್ರೈವ್‌ನಲ್ಲಿ ಖಾಸಗಿ ಕೀಲಿ ಹಂಚಬೇಡಿ

ಮಾನ್ಯ ಸಂಪಾದಕರೇ,

ಹಲವು ಶಾಖೆಗಳುಳ್ಳ ಕಚೇರಿಗಳು ಸಿಬ್ಬಂದಿಯ ಬ್ರೌಸರ್‌ಗೆ ಭದ್ರತಾ ಪ್ರಮಾಣಪತ್ರವನ್ನು (ಲಾಗಿನ್ ಆಗುವಾಗ ನೌಕರರ ಗುರುತನ್ನು ಸಾಬೀತುಪಡಿಸುವ ಡಿಜಿಟಲ್ ದಾಖಲೆ) ಸ್ಕ್ರಿಪ್ಟ್ (ಆಜ್ಞೆಗಳನ್ನು ಸಾಲಾಗಿ ನಡೆಸುವ ಕಡತ) ಮೂಲಕ ಅಳವಡಿಸುವುದಕ್ಕೆ ನನ್ನ ತಕರಾರಿಲ್ಲ. ಮಳೆಗಾಲದಲ್ಲಿ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ ಕಡೆಯ ಶಾಖೆಗಳ ಒಂದೊಂದು ಕಂಪ್ಯೂಟರಿನ ಮುಂದೆಯೂ ಕೂರುವುದು ಎಷ್ಟು ಕಷ್ಟವೆಂಬುದು ಈ ಕೆಲಸ ಮಾಡುವವರಿಗೆಲ್ಲ ಗೊತ್ತು. ನನ್ನ ಆಕ್ಷೇಪವಿರುವುದು ಅದನ್ನು ಮಾಡುವ ರೀತಿಗೆ.

ಇತ್ತೀಚೆಗೆ ಕಚೇರಿಯೊಂದರಲ್ಲಿ ಕಂಡ ಪೆನ್‌ಡ್ರೈವ್‌ನಲ್ಲಿ ಇಡೀ ಶಾಖೆಯವರ ಪ್ರಮಾಣಪತ್ರಗಳಿರುವ ಪಿಎಫ್‌ಎಕ್ಸ್ ಕಡತಗಳು ಒಂದೇ ಫೋಲ್ಡರಿನಲ್ಲಿದ್ದವು. ಪಕ್ಕದಲ್ಲೇ ಇದ್ದ ಅಳವಡಿಕೆಯ ಸ್ಕ್ರಿಪ್ಟನ್ನು (ಬ್ಯಾಚ್ ಫೈಲ್) ನೋಟ್‌ಪ್ಯಾಡಿನಲ್ಲಿ ತೆರೆದರೆ ಅವಕ್ಕೆಲ್ಲ ಸಲ್ಲುವ ಒಂದೇ ಪಾಸ್‌ವರ್ಡ್ ಸಾದಾ ಅಕ್ಷರಗಳಲ್ಲಿತ್ತು. ಪಿಎಫ್‌ಎಕ್ಸ್‌ನಲ್ಲಿ ಪ್ರಮಾಣಪತ್ರದ ಜೊತೆಗೆ ಅದರ ಖಾಸಗಿ ಕೀಲಿಯೂ (ಪ್ರಮಾಣಪತ್ರ ತನ್ನದೆಂದು ಸಾಬೀತುಪಡಿಸುವ, ಗುಟ್ಟಾಗಿಡಬೇಕಾದ ಸಂಕೇತ) ಇರುವುದರಿಂದ, ಆ ಪೆನ್‌ಡ್ರೈವ್ ಯಾರ ಕೈಗೆ ಸಿಕ್ಕರೂ ಅವರು ಯಾವ ನೌಕರರ ಹೆಸರಿನಲ್ಲಿ ಬೇಕಾದರೂ ಲಾಗಿನ್ ಆಗಬಹುದು, ಮತ್ತು ಆಮೇಲೆ ಲೆಕ್ಕ ತಪ್ಪಿದರೆ ಉತ್ತರ ಹೇಳಬೇಕಾದವರು ಏನೂ ಅರಿಯದ ಆ ನೌಕರರೇ.

ಇದಕ್ಕಿಂತ ಸುರಕ್ಷಿತವಾದ ದಾರಿ ವಿಂಡೋಸ್‌ನಲ್ಲೇ ಇದೆ. ಅದರೊಳಗಿನ ಸರ್ಟ್‌ರೆಕ್ ಎಂಬ ಆಜ್ಞೆಯನ್ನು ಸ್ಕ್ರಿಪ್ಟ್‌ನಿಂದ ನಡೆಸಿದರೆ ಕೀಲಿ ಆಯಾ ನೌಕರರ ಯಂತ್ರದಲ್ಲೇ ಹುಟ್ಟುತ್ತದೆ, ಹೊರಗೆ ಹೋಗುವುದು ಪ್ರಮಾಣಪತ್ರಕ್ಕಾಗಿ ಮಾಡುವ ಕೋರಿಕೆ ಮಾತ್ರ, ಮಂಜೂರಾಗಿ ಬಂದ ಪ್ರಮಾಣಪತ್ರ ಅದೇ ಕೀಲಿಗೆ ಜೋಡಣೆಯಾಗುತ್ತದೆ. ಪಿಎಫ್‌ಎಕ್ಸ್ ಕಡತವನ್ನೇ ಬಳಸಬೇಕಾಗಿ ಬಂದರೆ ಪಾಸ್‌ವರ್ಡನ್ನು ಸ್ಕ್ರಿಪ್ಟ್‌ನಲ್ಲಿ ಬರೆದಿಡದೆ ಅಳವಡಿಸುವ ಹೊತ್ತಿಗೆ ಕೇಳಿ ಪಡೆಯಬೇಕು, ಕೀಲಿಯನ್ನು ಮತ್ತೆ ಹೊರತೆಗೆಯಲು ಅವಕಾಶ ಕೊಡಬಾರದು. ಫೈರ್‌ಫಾಕ್ಸ್‌ಗೆ ತನ್ನದೇ ಪ್ರಮಾಣಪತ್ರ ಸಂಗ್ರಹವಿರುವುದರಿಂದ ಕಡತ ಹಂಚಲೇಬೇಕು ಎಂಬ ವಾದವೂ ಈಗ ನಿಲ್ಲುವುದಿಲ್ಲ. 2021ರಲ್ಲಿ ಬಂದ 90ನೇ ಆವೃತ್ತಿಯಿಂದ ಅದು ಕ್ರೋಮ್, ಎಡ್ಜ್‌ಗಳಂತೆ ವಿಂಡೋಸ್ ಸಂಗ್ರಹದಲ್ಲಿರುವ ಬಳಕೆದಾರರ ಪ್ರಮಾಣಪತ್ರವನ್ನು ಬಳಸಬಲ್ಲದು.

ಡಿಜಿಟಲ್ ಸಹಿ ಪ್ರಮಾಣಪತ್ರದ ವಿಷಯದಲ್ಲಂತೂ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 42ನೇ ಕಲಂ ಸ್ಪಷ್ಟವಾಗಿದೆ: ಖಾಸಗಿ ಕೀಲಿಯನ್ನು ತನ್ನ ಹತೋಟಿಯಲ್ಲಿಟ್ಟುಕೊಳ್ಳಲು ತಕ್ಕ ಎಚ್ಚರ ವಹಿಸುವುದು ಪ್ರಮಾಣಪತ್ರ ಪಡೆದವರ ಹೊಣೆ. ಕಚೇರಿಯೇ ಆ ಕೀಲಿಯನ್ನು ಊರೂರಿಗೆ ಕಳಿಸುತ್ತಿದ್ದರೆ ನೌಕರರು ಆ ಹೊಣೆಯನ್ನು ನಿಭಾಯಿಸುವುದಾದರೂ ಹೇಗೆ?

ಈಗಾಗಲೇ ಹೀಗೆ ಹಂಚಿರುವ ಕಚೇರಿಗಳು ಪೆನ್‌ಡ್ರೈವ್‌ನಿಂದ ಕಡತ ಅಳಿಸಿ ಸುಮ್ಮನಾಗಬಾರದು, ಏಕೆಂದರೆ ಅಷ್ಟರಲ್ಲಿ ಅದರ ಪ್ರತಿಗಳು ಎಲ್ಲೆಲ್ಲಿ ಉಳಿದಿವೆಯೋ ಹೇಳಲಾಗದು. ಆ ಪ್ರಮಾಣಪತ್ರಗಳನ್ನು ನೀಡಿದವರಿಗೆ ತಿಳಿಸಿ ಅವನ್ನು ರದ್ದುಪಡಿಸಿ, ಪ್ರತಿಯೊಬ್ಬರಿಗೂ ಹೊಸ ಕೀಲಿಯೊಂದಿಗೆ ಹೊಸ ಪ್ರಮಾಣಪತ್ರ ಕೊಡಿಸಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿಸುತ್ತೇನೆ.

– ಓದುಗ, ಶಿರಸಿ