ನೈಸಿಯಾದಿಂದ ಶುರು ಮಾಡಬೇಡ

ಪ್ರೀತಿಯ ತಮ್ಮನಿಗೆ,

ತ್ರಿಯೇಕ ದೇವರ ನಂಬಿಕೆ, ಅಂದರೆ ತಂದೆ, ಮಗನಾದ ಯೇಸು, ಪವಿತ್ರಾತ್ಮ ಈ ಮೂವರೂ ಒಬ್ಬನೇ ದೇವರು ಎಂಬ ಕ್ರೈಸ್ತರ ನಂಬಿಕೆ, ಹೇಗೆ ಬೆಳೆಯಿತು ಅಂತ ನೀನು ಬರೆದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ. ಆದರೆ ಕ್ರಿ.ಶ. 325ರಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ನೈಸಿಯಾದಲ್ಲಿ ಬಿಷಪ್‌ಗಳನ್ನು ಸೇರಿಸಿ ಇದನ್ನು ಹುಟ್ಟುಹಾಕಿದ ಅಂತ ಮೊದಲ ಪ್ಯಾರಾದಲ್ಲೇ ಬರೆದುಬಿಟ್ಟಿದ್ದೀಯಲ್ಲ, ಅದನ್ನು ತೆಗೆದುಹಾಕು. ಸುಮಾರು ಜನ ಹೀಗೇ ಬರೆಯುತ್ತಾರೆ. ಓದಲು ರೋಚಕ, ಆದರೆ ನಿಜ ಅಲ್ಲ.

ನೈಸಿಯಾ ಇದ್ದದ್ದು ಈಗಿನ ಟರ್ಕಿಯ ಬಿಥಿನಿಯಾ ಸೀಮೆಯಲ್ಲಿ. ಆ ಸಭೆಗೂ ಇನ್ನೂರು ವರ್ಷ ಮುಂಚೆ ಅದೇ ಸೀಮೆಯನ್ನು ಆಳುತ್ತಿದ್ದ ಪ್ಲೀನಿ ಎಂಬ ರೋಮನ್ ಅಧಿಕಾರಿ, ಸುಮಾರು 112ರಲ್ಲಿ, ಟ್ರಾಜನ್ ಚಕ್ರವರ್ತಿಗೆ ಒಂದು ಪತ್ರ ಬರೆದ. ಕ್ರೈಸ್ತರು ಗೊತ್ತು ಮಾಡಿದ ದಿನ ಬೆಳಕು ಹರಿಯುವ ಮುಂಚೆ ಸೇರಿ, ಕ್ರಿಸ್ತನನ್ನು ದೇವರೆಂಬಂತೆ ಹಾಡಿ ಸ್ತುತಿಸುತ್ತಾರೆ ಅಂತ ಅದರಲ್ಲಿದೆ. ಬಾಯಿಬಿಡಿಸಲು ಕ್ರೈಸ್ತರ ಕೂಟದಲ್ಲಿ ಸೇವಕಿಯರಾಗಿದ್ದ ಇಬ್ಬರು ದಾಸಿಯರಿಗೆ ಚಿತ್ರಹಿಂಸೆ ಕೊಡಿಸಿದ್ದನ್ನೂ ಅವನೇ ಬರೆದಿದ್ದಾನೆ. ನಿನ್ನ ಲೇಖನ ಆ ಇಬ್ಬರಿಂದ ಶುರುವಾಗಲಿ.

ಆಮೇಲೆ ಇನ್ನೂ ಹಿಂದಕ್ಕೆ ಹೋಗು. ಯೇಸುವಿನ ಸಂದೇಶ ಸಾರಿದ ಪೌಲ, ದೇವರು ಒಬ್ಬನೇ ಅಂತ ದಿನಾ ಹೇಳುತ್ತಾ ಬೆಳೆದ ಯೆಹೂದ್ಯ. ಅವನೇ ಕೊರಿಂಥ ಊರಿನ ಕ್ರೈಸ್ತರಿಗೆ ಬರೆದ ಎರಡನೇ ಪತ್ರದ ಕೊನೆಯಲ್ಲಿ ಯೇಸು ಕ್ರಿಸ್ತನ ಕೃಪೆ, ದೇವರ ಪ್ರೀತಿ, ಪವಿತ್ರಾತ್ಮನ ಅನ್ಯೋನ್ಯತೆ ಅಂತ ಮೂವರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ದಿದಾಖೆ ಎಂಬ ಆರಂಭದ ಕ್ರೈಸ್ತರ ಪುಟ್ಟ ಪುಸ್ತಕವನ್ನೂ ನೋಡು. ಕ್ರೈಸ್ತರಾಗುವವರಿಗೆ ಮಾಡಿಸುವ ದೀಕ್ಷಾಸ್ನಾನಕ್ಕೆ ಹರಿಯುವ ನೀರಿರಲಿ, ಇಲ್ಲದಿದ್ದರೆ ಬೇರೆ ನೀರು, ತಣ್ಣೀರು ಆಗದಿದ್ದರೆ ಬಿಸಿನೀರು, ಎರಡೂ ಸಾಕಷ್ಟಿಲ್ಲದಿದ್ದರೆ ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ತಲೆಯ ಮೇಲೆ ಮೂರು ಸಲ ಸುರಿಯಿರಿ ಅನ್ನುತ್ತದೆ. ಎಷ್ಟು ಮನೆಮಟ್ಟದ ಮಾತು ನೋಡು! ಇಲ್ಲಿ ಸಿದ್ಧಾಂತ ಇಲ್ಲ, ಜನ ಮಾಡುತ್ತಿದ್ದ ಕೆಲಸ ಇದೆ. ನನಗೆ ಕಾಣುವುದು ಇದೇ: ಮೊದಲು ಪ್ರಾರ್ಥನೆ, ಹಾಡು, ನೀರು. ಅದಕ್ಕೆ ತಕ್ಕ ವಿವರಣೆ ಹುಡುಕಲು ಮುನ್ನೂರು ವರ್ಷ ಹಿಡಿಯಿತು.

ಹಾಗಂತ ಪೌಲನ ಬಾಯಿಗೆ ನಾಲ್ಕನೇ ಶತಮಾನದ ಮಾತು ತುರುಕಬೇಡ, ಅದೂ ಅಷ್ಟೇ ತಪ್ಪು. ನೈಸಿಯಾದಲ್ಲಿ ಜಗಳ ಇದ್ದದ್ದು ಮಗನ ಬಗ್ಗೆ. ಮಗನೂ ಸೃಷ್ಟಿಯಾದವನೇ ಅಂತ ಅಲೆಕ್ಸಾಂಡ್ರಿಯಾದ ಪಾದ್ರಿ ಏರಿಯಸ್ ಹೇಳಿದ್ದ, ಸಭೆ ಒಪ್ಪಲಿಲ್ಲ. ಪವಿತ್ರಾತ್ಮನ ಬಗ್ಗೆ ಅಲ್ಲಿ ಒಪ್ಪಿದ ವಿಶ್ವಾಸಪ್ರಮಾಣದಲ್ಲಿ, ಅಂದರೆ ನಂಬಿಕೆಯ ಹೇಳಿಕೆಯಲ್ಲಿ, ಹೆಸರು ಬಿಟ್ಟು ಬೇರೇನೂ ಇಲ್ಲ. ಅದನ್ನು ಬಿಡಿಸಿ ಹೇಳಿದ್ದು 381ರಲ್ಲಿ, ಕಾನ್‌ಸ್ಟಾಂಟಿನೋಪಲ್‌ನಲ್ಲಿ (ಈಗಿನ ಇಸ್ತಾಂಬುಲ್) ಸೇರಿದ ಸಭೆ.

ಇನ್ನೊಂದು. ಮೂವರೂ ಒಂದೇ ಅನ್ನುವ ಬೈಬಲ್‌ನ 1 ಯೋಹಾನ 5:7ರ ಸಾಲನ್ನು ಸಾಕ್ಷಿಯಾಗಿ ಕೊಟ್ಟಿದ್ದೀಯ. ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಆ ಸಾಲೇ ಇಲ್ಲ. ಅದನ್ನು ಬಿಟ್ಟು ತಿದ್ದಿ ಬರಿ, ಮತ್ತೆ ಓದಿ ಹೇಳುತ್ತೇನೆ.